ಫಿಲ್ಮು ಹೋಯಿತು, ಕಿಟಕಿಯೂ ಹೋಗಬೇಕೆ?

ಜರ್ಮನಿಯ ವೆಟ್ಸ್‌ಲಾರ್ ಎಂಬ ಪಟ್ಟಣದಲ್ಲಿರುವ ಲೈಕಾ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಒಂದು ಹೊಸ ಕ್ಯಾಮರಾವನ್ನು ಮಾರುಕಟ್ಟೆಗೆ ತಂದಿತು. 'ಎಂ' ಎಂಬ ಅಕ್ಷರವನ್ನು ಹೊತ್ತ ಅದರ ವಂಶ 1954ರಷ್ಟು ಹಳೆಯದು. ದೂರಮಾಪಕವನ್ನೂ ನೋಟದ ಕಿಟಕಿಯನ್ನೂ ಒಂದುಗೂಡಿಸಿದ ಉಪಕರಣಕ್ಕೆ ಜರ್ಮನ್ ಭಾಷೆಯಲ್ಲಿರುವ ಹೆಸರಿನ ಮೊದಲಕ್ಷರ ಅದು. ಹೊಸ ಕ್ಯಾಮರಾದಲ್ಲಿ ಅಕ್ಷರ ಉಳಿದಿದೆ, ಉಪಕರಣ ಉಳಿದಿಲ್ಲ. ಅದರ ಎಡೆಯಲ್ಲಿ ಒಂದು ಪುಟ್ಟ ವಿದ್ಯುನ್ಮಾನ ಪರದೆ ಬಂದು ಕುಳಿತಿದೆ. ವಿಶೇಷ ಕೆಲಸಗಳಿಗೆಂದು ಹಿಂದೆ ಮಾಡಿದ ಒಂದೆರಡು ಯಂತ್ರಗಳನ್ನು ಬಿಟ್ಟರೆ, ಎಪ್ಪತ್ತು ವರ್ಷಗಳಲ್ಲಿ ಈ ವಂಶದವರು ತಮ್ಮ ಕಿಟಕಿಯನ್ನು ಮುಚ್ಚಿದ್ದು ಇದೇ ಮೊದಲು.

ಇದೂ ಒಂದು ವಾರ್ತೆಯೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಈ ಮಾಲಿಕೆಯ 'ಎಂ-11' 2022ರಲ್ಲಿ ಹೊರಬಂದಾಗ ಮಸೂರವಿಲ್ಲದೆ ಬರಿಯ ಒಡಲಿಗೇ ಸುಮಾರು 9,000 ಡಾಲರ್ ಬೆಲೆ ಕಟ್ಟಿದ್ದರು. ನಮ್ಮಲ್ಲಿ ಒಬ್ಬ ಅಧ್ಯಾಪಕನ ಹಲವು ತಿಂಗಳ ಸಂಬಳಕ್ಕೆ ಸಮನಾದ ಈ ಆಟಿಕೆಯ ಸುಖದುಃಖಗಳು ನಮಗೇಕೆ? ಆದರೆ ಶ್ರೀಮಂತರ ಮನೆಯ ಜಗಳದಲ್ಲಿ ಊರಿನ ಗಡಿರೇಖೆಯ ಸಂಗತಿ ಹೊರಬೀಳುವುದುಂಟು. ಫಿಲ್ಮಿನಿಂದ ಅಂಕಿಗೆ ಚಿತ್ರವು ದಾಟಿದಾಗ ಏನನ್ನು ಗಳಿಸಿದೆವು, ಏನನ್ನು ಕೈಬಿಟ್ಟೆವು ಎಂಬುದು ಈ ಒಂದು ಜಾತಿಯ ಕ್ಯಾಮರಾದ ಚರಿತ್ರೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ. ಏಕೆಂದರೆ ಇತರರು ಹೊಸ ಮನೆ ಕಟ್ಟಿಕೊಂಡು ಹೋದರು. ಇವರು ಹಳೆಯ ಮನೆಯಲ್ಲೇ ಇದ್ದುಕೊಂಡು ಒಂದೊಂದೇ ಕಂಬವನ್ನು ಬದಲಾಯಿಸಿದರು.

ದೂರಮಾಪಕ ಕ್ಯಾಮರಾವನ್ನು ಹಿಡಿದು ನೋಡದವರಿಗೆ ಅದರ ರೀತಿಯನ್ನು ಸ್ವಲ್ಪ ವಿವರಿಸಬೇಕು. ಅದರ ಮುಖದಲ್ಲಿ ಒಂದಕ್ಕೊಂದು ದೂರವಾಗಿ ಎರಡು ಕಿಟಕಿಗಳಿರುತ್ತವೆ. ದೊಡ್ಡದರ ಮೂಲಕ ಲೋಕ ಕಾಣುತ್ತದೆ. ಚಿಕ್ಕದು ಅದೇ ಲೋಕದ ಇನ್ನೊಂದು ಬಿಂಬವನ್ನು ತಂದು ಮೊದಲನೆಯದರ ನಟ್ಟನಡುವೆ ಹಾಕುತ್ತದೆ. ಮಸೂರದ ಬಳೆಯನ್ನು ತಿರುಗಿಸುತ್ತ ಹೋದಂತೆ ಈ ಎರಡು ಬಿಂಬಗಳು ಸರಿದು ಸರಿದು, ಒಂದು ಹಂತದಲ್ಲಿ ಒಂದರ ಮೇಲೊಂದು ಕೂಡುತ್ತವೆ. ಕೂಡಿದರೆ ದೂರ ಸರಿಯಾಯಿತೆಂದು ಅರ್ಥ. ನಮ್ಮ ಎರಡು ಕಣ್ಣುಗಳು ನಿತ್ಯ ಮಾಡುವ ಕೆಲಸವನ್ನೇ ಹಿತ್ತಾಳೆಯಲ್ಲಿ, ಗಾಜಿನಲ್ಲಿ ಮಾಡಿದ್ದಾರೆ, ಅಷ್ಟೆ. ಲೈಟ್ಸ್ ಕಾರ್ಖಾನೆಯ ಓಸ್ಕರ್ ಬಾರ್ನಾಕ್ ಚಲನಚಿತ್ರದ 35 ಮಿಲಿಮೀಟರಿನ ಫಿಲ್ಮನ್ನು ಅಡ್ಡಡ್ಡವಾಗಿ ಓಡಿಸಿ, 24ಕ್ಕೆ 36 ಮಿಲಿಮೀಟರಿನ ಚೌಕಟ್ಟನ್ನು ಪಡೆದು ಕಟ್ಟಿದ ಕಿಸೆಕ್ಯಾಮರಾ 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಬೆಳಕು ಕಂಡಿತು. 1932ರಲ್ಲಿ ಅದಕ್ಕೆ ಮಸೂರದೊಡನೆ ಜೊತೆಗೂಡಿದ ದೂರಮಾಪಕ ಬಂತು. 1954ರ 'ಎಂ-3'ರಲ್ಲಿ ದೂರಮಾಪಕವೂ ನೋಟದ ಕಿಟಕಿಯೂ ಒಂದೇ ಆದವು.

ಈ ಕಿಟಕಿಯ ವೈಶಿಷ್ಟ್ಯವೆಂದರೆ ಅದರಲ್ಲಿ ಚಿತ್ರದ ಹೊರಗಿನದೂ ಕಾಣುತ್ತದೆ. ಚಿತ್ರದ ಎಲ್ಲೆಯನ್ನು ಬೆಳ್ಳಗಿನ ಒಂದು ಗೆರೆ ತೋರಿಸುತ್ತದೆ. ಗೆರೆಯ ಆಚೆಯಿಂದ ಯಾರು ಬರುತ್ತಿದ್ದಾರೆ, ಯಾವ ದನ ಅಡ್ಡ ನುಗ್ಗಲಿದೆ ಎಂಬುದು ಮೊದಲೇ ತಿಳಿಯುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿಯೂ ಕಣ್ಣಿಗೆ ಕತ್ತಲೆ ಕವಿಯುವುದಿಲ್ಲ. ದರ್ಪಣವಿರುವ ಕ್ಯಾಮರಾದಲ್ಲಿ ಹಾಗಲ್ಲ. ಅಲ್ಲಿ ಮಸೂರ ಕಂಡದ್ದಷ್ಟೇ ಕಾಣುವುದು, ಒತ್ತಿದ ಕ್ಷಣ ಅದೂ ಮಾಯ. ಒಂದು ಜಗಲಿಯಲ್ಲಿ ಕುಳಿತು ಬೀದಿಯನ್ನು ನೋಡಿದಂತೆ, ಇನ್ನೊಂದು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಂತೆ. ಹೀಗೆಂದರೆ ಪಕ್ಷಪಾತವಾಯಿತು ಎಂದು ಬಲ್ಲೆ. ದೂರದ ಹಕ್ಕಿಯನ್ನಾಗಲಿ ಹತ್ತಿರದ ಹೂವಿನ ಕೇಸರವನ್ನಾಗಲಿ ತೆಗೆಯಬೇಕಾದವರಿಗೆ ಜಗಲಿಯಿಂದ ಪ್ರಯೋಜನವಿಲ್ಲ. ಆದ್ದರಿಂದಲೇ 1959ರಲ್ಲಿ ನಿಕಾನ್ 'ಎಫ್' ಬಂದ ಮೇಲೆ ಪತ್ರಿಕಾ ಛಾಯಾಗ್ರಾಹಕರಲ್ಲಿ ಬಹುಮಂದಿ ದರ್ಪಣದ ಕಡೆಗೆ ನಡೆದರು. ದೂರಮಾಪಕವು ಸೋತದ್ದು ಅಂಕಿಯ ಯುಗದಲ್ಲಿ ಅಲ್ಲ. ಅದರ ಮೊದಲ ಸೋಲು ಆಗಲೇ ಆಗಿತ್ತು.

ಆದರೂ ಅದು ಉಳಿಯಿತು. ಮನುಷ್ಯರ ನಡುವೆ ನಿಂತು, ಅವರಿಗೆ ಅಡ್ಡಿಯಾಗದೆ ತೆಗೆಯುವ ಚಿತ್ರಕ್ಕೆ ಅದರಷ್ಟು ಸದ್ದಿಲ್ಲದ ಸಾಧನ ಇರಲಿಲ್ಲ. ಆಂರಿ ಕಾರ್ಟಿಯೆ ಬ್ರೆಸಾನ್ 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯನ್ನು ಕಂಡು ಹಿಂದಿರುಗಿದ ಕೆಲವೇ ಗಳಿಗೆಗಳಲ್ಲಿ ಆ ಘೋರ ನಡೆಯಿತು. ಅಂದಿನ ಸಂಜೆ ಬಿರ್ಲಾ ಭವನದ ಹೆಬ್ಬಾಗಿಲ ಬಳಿ ನೆಹರೂ ಜನರಿಗೆ ಸುದ್ದಿ ತಿಳಿಸುತ್ತಿರುವುದನ್ನು ಅವರು ತೆಗೆದರು. ಮಂದ ಬೆಳಕು, ಅಲುಗಿದ ರೇಖೆಗಳು, ಸ್ಫುಟವಾಗಿ ಕಾಣದ ಮುಖಗಳು. ಇಂದಿನ ಯಾವ ಫೋನಾದರೂ ಅದಕ್ಕಿಂತ 'ಚೆನ್ನಾದ' ಚಿತ್ರವನ್ನು ತೆಗೆದೀತು. ಆ ಚಿತ್ರಕ್ಕೆ ನಾವು ಕೊಡುವ ಬೆಲೆ ಅದರ ಚೆಲುವಿಗಲ್ಲ. ಆ ದೀಪದ ಬೆಳಕೇ ಆ ಮುಖವನ್ನು ಮುಟ್ಟಿ ಬಂದು, ಒಂದು ಫಿಲ್ಮಿನ ತುಂಡಿನ ಮೇಲಿನ ಬೆಳ್ಳಿಯನ್ನು ಮಾರ್ಪಡಿಸಿತು ಎಂಬ ನಂಬಿಕೆಗೆ ಆ ಬೆಲೆ. ಈ ನಂಬಿಕೆಯ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ಯಂತ್ರದ ಪಾಡನ್ನು ನೋಡೋಣ.

ಅಂಕಿಯ ಕ್ಯಾಮರಾ ಹುಟ್ಟಿದ್ದು ಫಿಲ್ಮಿನ ತವರುಮನೆಯಲ್ಲಿಯೇ. ಅಮೆರಿಕದ ಕೊಡಾಕ್ ಸಂಸ್ಥೆಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಪೆಟ್ಟಿಗೆ 10,000 ಬಿಂದುಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಂಡಿತು. ಅದೇ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿಯ ರಕ್ಷಣೆ ಬೇಡಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಈ ನಡುವೆ ದರ್ಪಣದ ಕ್ಯಾಮರಾಗಳೆಲ್ಲ ಒಂದೊಂದಾಗಿ ಅಂಕಿಗೆ ತಿರುಗಿದವು. ದೂರಮಾಪಕದ ಮಂದಿ ಮಾತ್ರ ಹೊಸ್ತಿಲಲ್ಲೇ ನಿಂತರು. ಅದಕ್ಕೆ ಹಟ ಒಂದು ಕಾರಣ. ಬೆಳಕಿನ ಗುಣ ಇನ್ನೊಂದು. ದೂರಮಾಪಕದ ಕ್ಯಾಮರಾದಲ್ಲಿ ದರ್ಪಣಕ್ಕೆ ಎಡೆ ಬಿಡಬೇಕಾಗಿಲ್ಲವಾದ್ದರಿಂದ ಮಸೂರವು ಫಿಲ್ಮಿಗೆ ತೀರ ಸಮೀಪದಲ್ಲಿ ಕೂರುತ್ತದೆ. ಅದರಿಂದ ಹೊರಟ ಬೆಳಕು ಚೌಕಟ್ಟಿನ ಮೂಲೆಗಳಿಗೆ ಬಹಳ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಇದರಿಂದ ತೊಂದರೆಯಿಲ್ಲ. ಬೆಳ್ಳಿಯ ಲವಣದ ಕಣವು ಓರೆಯಾಗಿ ಬಂದ ಅತಿಥಿಯನ್ನೂ ನೇರವಾಗಿ ಬಂದವನನ್ನೂ ಸಮನಾಗಿ ಬರಮಾಡಿಕೊಳ್ಳುತ್ತದೆ. ಸೆನ್ಸರಿನ ಬಿಂದುವಾದರೋ ಪುಟ್ಟ ಬಾವಿಯಂತೆ. ನಡುಹಗಲ ಸೂರ್ಯ ಬಾವಿಯ ತಳವನ್ನು ಮುಟ್ಟುತ್ತಾನೆ; ಇಳಿಬಿಸಿಲು ಗೋಡೆಯನ್ನಷ್ಟೇ ಬೆಳಗುತ್ತದೆ.

2004ರಲ್ಲಿ ಜಪಾನಿನ ಎಪ್ಸನ್ ಸಂಸ್ಥೆ 'ಆರ್-ಡಿ1' ಎಂಬ ಮೊದಲ ಅಂಕಿಯ ದೂರಮಾಪಕ ಕ್ಯಾಮರಾವನ್ನು ತಂದಿತು. ಫಿಲ್ಮಿಲ್ಲದ ಆ ಯಂತ್ರಕ್ಕೂ ಫಿಲ್ಮು ಸುತ್ತುವ ಸನ್ನೆಯಿತ್ತು. ಪ್ರತಿ ಚಿತ್ರಕ್ಕೂ ಮುನ್ನ ಅದನ್ನು ಎಳೆದು ಷಟರನ್ನು ಬಿಗಿಗೊಳಿಸಬೇಕಿತ್ತು. ಎತ್ತು ಹೋದರೂ ನೊಗ ಉಳಿದಂತೆ ಎಂದು ನಕ್ಕವರಿದ್ದರು. ನಗುನಗುತ್ತಲೇ ಕೊಂಡವರೂ ಇದ್ದರು. 2005ರ ಸುಮಾರಿಗೆ ದಿವಾಳಿಯ ಅಂಚಿಗೆ ಬಂದಿದ್ದ ಲೈಕಾ 2006ರಲ್ಲಿ 'ಎಂ-8'ನ್ನು ಹೊರತಂದಿತು. ಮೂಲೆಗಳ ತೊಂದರೆಯನ್ನು ತಪ್ಪಿಸಲು ಅದರ ಸೆನ್ಸರನ್ನು ಫಿಲ್ಮಿನ ಚೌಕಟ್ಟಿಗಿಂತ ಕಿರಿದು ಮಾಡಿದ್ದರು. ಓರೆ ಬೆಳಕು ಹಾದುಹೋಗಲೆಂದು ಸೆನ್ಸರಿನ ಮೇಲಿನ ಗಾಜನ್ನೂ ತೆಳುವಾಗಿಸಿದ್ದರು. ತೆಳು ಗಾಜು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನೂ ಒಳಗೆ ಬಿಟ್ಟಿತು. ಪರಿಣಾಮವಾಗಿ ಕೃತಕ ನೂಲಿನ ಕರಿಯ ಕೋಟುಗಳೆಲ್ಲ ಚಿತ್ರದಲ್ಲಿ ನೇರಳೆ ಬಣ್ಣಕ್ಕೆ ತಿರುಗಿದವು. ಮದುವೆಗೆ ಕರಿಯ ಉಡುಪಿನಲ್ಲಿ ಬರುವ ದೇಶದ ಛಾಯಾಗ್ರಾಹಕರ ಗತಿಯನ್ನು ಊಹಿಸಿಕೊಳ್ಳಬಹುದು! ಸಂಸ್ಥೆ ತಪ್ಪೊಪ್ಪಿ, ಕೊಂಡವರಿಗೆಲ್ಲ ಮಸೂರದ ಮುಂದೆ ತೊಡಿಸುವ ಶೋಧಕ ಗಾಜುಗಳನ್ನು ಉಚಿತವಾಗಿ ಹಂಚಿತು. 2009ರ 'ಎಂ-9'ರಲ್ಲಿ ಬಾವಿಗಳ ಬಾಯಿಗೆ ಇಟ್ಟ ಸೂಕ್ಷ್ಮ ಮಸೂರಗಳನ್ನು ಅಂಚುಗಳಲ್ಲಿ ತುಸು ನಡುವಿನತ್ತ ಸರಿಸಿ, ಬಾರ್ನಾಕ್ ಹಾಕಿಕೊಟ್ಟ 24ಕ್ಕೆ 36ರ ಪೂರ್ಣ ಚೌಕಟ್ಟನ್ನು ಮರಳಿ ಪಡೆದರು. ಕೆಲವು ವರ್ಷಗಳ ಮೇಲೆ ಅದರ ಸೆನ್ಸರಿನ ಗಾಜಿಗೂ ಸವೆತದ ರೋಗ ಹತ್ತಿ ಬದಲಾಯಿಸಬೇಕಾಗಿ ಬಂದದ್ದು ಬೇರೆ ಕಥೆ.

ಯಂತ್ರ ಸುಧಾರಿಸಿತು. ಹಿಡಿದ ಕೈಯ ಅಭ್ಯಾಸ ಅಷ್ಟು ಸುಲಭವಾಗಿ ಸುಧಾರಿಸಲಿಲ್ಲ. ಫಿಲ್ಮಿನಲ್ಲಿ ಪಳಗಿದವರು ನೆರಳಿಗೆ ತಕ್ಕಂತೆ ಬೆಳಕನ್ನು ಬಿಡುತ್ತಿದ್ದರು. ಬೆಳಕು ಒಂದಿಷ್ಟು ಹೆಚ್ಚಾದರೂ ನೆಗೆಟಿವ್ ಸಹಿಸಿಕೊಳ್ಳುತ್ತಿತ್ತು. ಸೆನ್ಸರು ಇದಕ್ಕೆ ತದ್ವಿರುದ್ಧ. ನೆರಳಿನಿಂದ ಎಷ್ಟನ್ನು ಬೇಕಾದರೂ ಮೇಲೆತ್ತಬಹುದು. ಬಿಳಿಯ ಪಂಚೆಯ ಮಡಿಕೆ ಒಮ್ಮೆ ಬೆಳಕಿನಲ್ಲಿ ಕರಗಿಹೋದರೆ ಬ್ರಹ್ಮನೂ ಅದನ್ನು ಮರಳಿ ತರಲಾರ. ಹಿಂದೆ ಫಿಲ್ಮಿನ ವೇಗವನ್ನು 36 ಚಿತ್ರಗಳಿಗೊಮ್ಮೆ ಮಾತ್ರ ಬದಲಾಯಿಸಬಹುದಿತ್ತು. ಈಗ ಪ್ರತಿ ಚಿತ್ರಕ್ಕೂ ಬದಲಾಯಿಸಬಹುದು. ರಾತ್ರಿ ಬಯಲಾಟವನ್ನು ಗ್ಯಾಸ್‌ಲೈಟಿನ ಬೆಳಕಿನಲ್ಲಿ ತೆಗೆಯಲು ಹೋಗಿ ಬರಿಗೈಯಲ್ಲಿ ಮರಳಿದ ಹಿಂದಿನವರಿಗೆ ಇದು ವರವಲ್ಲದೆ ಮತ್ತೇನು? ಇನ್ನೊಂದು ವಿಚಿತ್ರವುಂಟು. ದೂರಮಾಪಕವು ಕೂದಲೆಳೆಯಷ್ಟು ತಪ್ಪಿದರೆ ಫಿಲ್ಮಿನ ಕಣಕಣವಾದ ಮೈ ಅದನ್ನು ಮುಚ್ಚಿಡುತ್ತಿತ್ತು. 'ಎಂ-11'ರ ಆರು ಕೋಟಿ ಬಿಂದುಗಳು ಅದನ್ನು ಬೀದಿಗೆ ತಂದು ನಿಲ್ಲಿಸುತ್ತವೆ. ಹೊಸ ಕ್ಯಾಮರಾದಲ್ಲಿ ಕಿಟಕಿಯನ್ನು ಮುಚ್ಚಿ ಪರದೆಯನ್ನಿಟ್ಟದ್ದಕ್ಕೆ ವ್ಯಾಪಾರದ ಲೆಕ್ಕದಷ್ಟೇ ಈ ಲೆಕ್ಕವೂ ಕಾರಣವಾಗಿರಬೇಕೆಂದು ನನಗೆ ತೋರುತ್ತದೆ. ವಯಸ್ಸಾದ ಕಣ್ಣುಗಳಿಗೆ ಎರಡು ಬಿಂಬಗಳನ್ನು ಕೂಡಿಸುವುದು ಕಷ್ಟವೆಂಬುದೂ ನಿಜ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೆನ್ನಿನ ಪರದೆಯದು. ಒಂದು ಚಿತ್ರ ತೆಗೆದೊಡನೆ ತಲೆ ತಗ್ಗುತ್ತದೆ. ತೆಗೆದದ್ದನ್ನು ನೋಡುವಷ್ಟರಲ್ಲಿ ಎದುರಿಗೆ ತೆಗೆಯಬೇಕಾದದ್ದು ಕಳೆದುಹೋಗಿರುತ್ತದೆ. ಇದನ್ನು ಕಂಡೇ ಲೈಕಾ 2016ರಲ್ಲಿ ಪರದೆಯೇ ಇಲ್ಲದ ಅಂಕಿಯ ಕ್ಯಾಮರಾವೊಂದನ್ನು ಮಾಡಿತು. 2018ರಲ್ಲಿ ಅದರ ತಮ್ಮನಿಗೆ ಫಿಲ್ಮು ಸುತ್ತುವ ಸನ್ನೆಯಂತೆಯೇ ಕಾಣುವ ಒಂದು ಲೋಹದ ಕಡ್ಡಿಯನ್ನು ಜೋಡಿಸಿದರು. ಅದು ಏನನ್ನೂ ಸುತ್ತುವುದಿಲ್ಲ. ಹೆಬ್ಬೆರಳು ಊರುವುದಕ್ಕೆ ಅಷ್ಟೆ. ಇದ್ದದ್ದನ್ನು ತೆಗೆದುಹಾಕಿ, ತೆಗೆದದ್ದಕ್ಕೆ ಹೆಚ್ಚು ಬೆಲೆ ಕೇಳುವ ಈ ವ್ಯಾಪಾರ ಹೊಟ್ಟೆ ತುಂಬಿದವರ ಉಪವಾಸವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ತೆಗೆಯುವುದಕ್ಕೂ ನೋಡುವುದಕ್ಕೂ ನಡುವಣ ಬಿಡುವಿನಲ್ಲಿ ಏನೋ ಇತ್ತು ಎಂಬುದನ್ನು ಅಲ್ಲಗಳೆಯಲಾಗದು. ನ್ಯೂಯಾರ್ಕಿನ ಬೀದಿಗಳನ್ನು ಲೈಕಾದಿಂದ ತೆಗೆದ ಗ್ಯಾರಿ ವಿನೋಗ್ರಾಂಡ್ ತನ್ನ ಫಿಲ್ಮುಗಳನ್ನು ಬೇಕೆಂದೇ ತಡವಾಗಿ ತೊಳೆಯುತ್ತಿದ್ದ. ತೆಗೆದಾಗಿನ ಸಂತೋಷವು ಚಿತ್ರದ ಗುಣವೆಂದು ಭ್ರಮೆ ಹುಟ್ಟಿಸಬಾರದೆಂಬುದು ಅವನ ಯೋಚನೆ. 1984ರಲ್ಲಿ ಅವನು ತೀರಿಕೊಂಡಾಗ ತೊಳೆಯದ ಸುರುಳಿಗಳೇ ಸುಮಾರು 2,500 ಉಳಿದಿದ್ದವು. ಬಿಡುವು ಹೆಚ್ಚಾದರೆ ಏನಾಗುವುದೆಂಬುದಕ್ಕೂ ಅವನೇ ಸಾಕ್ಷಿ.

ಈಗ ನಂಬಿಕೆಯ ಮಾತು. ನೆಗೆಟಿವ್ ಎಂಬುದು ಘಟನೆಯ ಸ್ಥಳದಲ್ಲಿ ಹಾಜರಿದ್ದ ವಸ್ತು. ಸ್ಪೇನಿನ ಅಂತರ್ಯುದ್ಧದಲ್ಲಿ ರಾಬರ್ಟ್ ಕಾಪಾ, ಗೆರ್ಡಾ ಟಾರೊ, ಡೇವಿಡ್ ಸೀಮೂರ್ ಎಂಬ ಮೂವರು ತೆಗೆದ ಸುಮಾರು 4,500 ನೆಗೆಟಿವುಗಳು ಪ್ಯಾರಿಸ್ಸಿನಿಂದ ಕಣ್ಮರೆಯಾಗಿದ್ದವು. ಅವು ಮೆಕ್ಸಿಕೋದಲ್ಲಿ ಪತ್ತೆಯಾಗಿ, ಮೂರು ಪೆಟ್ಟಿಗೆಗಳಲ್ಲಿ 2007ರ ಡಿಸೆಂಬರಿನಲ್ಲಿ ನ್ಯೂಯಾರ್ಕಿಗೆ ಬಂದು ಮುಟ್ಟಿದವು. ಯಾರೂ ಅವನ್ನು ನಕಲು ಮಾಡಿರಲಿಲ್ಲ, ಯಾರೂ ಯಂತ್ರದಿಂದ ಯಂತ್ರಕ್ಕೆ ಸಾಗಿಸಿರಲಿಲ್ಲ. ಸುಮ್ಮನೆ ಕತ್ತಲೆಯಲ್ಲಿ ಮಲಗಿದ್ದು, ಎಪ್ಪತ್ತು ವರ್ಷದ ಮೇಲೆ ಎದ್ದು ಸಾಕ್ಷಿ ನುಡಿದವು. ಹಾಗೆಂದು ಫಿಲ್ಮಿನ ಕಾಲ ಸತ್ಯಯುಗವೇನೂ ಅಲ್ಲ. ಮಾಸ್ಕೋದ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಿಂತಿದ್ದ ಯೆಜೊವ್, 1940ರಲ್ಲಿ ಕೊಲ್ಲಲ್ಪಟ್ಟ ಮೇಲೆ ಚಿತ್ರದಿಂದಲೂ ಅಳಿದುಹೋದ. ಅವನಿದ್ದ ಎಡೆಯಲ್ಲಿ ನೀರು ಹರಿಯಿತು. ಆದರೆ ಸುಳ್ಳು ಹೇಳಿದ್ದು ಮುದ್ರಿತ ಪ್ರತಿ. ಸುಳ್ಳನ್ನು ಅಳೆಯುವುದಕ್ಕೆ ಮೂಲವೆಂಬುದೊಂದು ಎಲ್ಲಿಯೋ ಇರುವುದು ಸಾಧ್ಯವಿತ್ತು. ಅಂಕಿಯ ಚಿತ್ರಕ್ಕೆ ಈ ಅರ್ಥದ ಮೂಲವಿಲ್ಲ. ನಕಲೂ ಅಸಲೂ ಅಕ್ಷರಶಃ ಒಂದೇ. ಈಗಂತೂ ಎದುರಿಗೆ ಯಾರೂ ನಿಲ್ಲದೆ, ಯಾವ ಮಸೂರವೂ ತೆರೆಯದೆ, ಬರಿಯ ಮಾತಿನ ಅಪ್ಪಣೆಯಿಂದ ಛಾಯಾಚಿತ್ರದಂಥದು ಹುಟ್ಟುತ್ತಿದೆ.

ಇದಕ್ಕೆ ಪರಿಹಾರವೆಂದು ಲೈಕಾ 2023ರ ಅಕ್ಟೋಬರಿನಲ್ಲಿ 'ಎಂ-11ಪಿ' ಎಂಬ ಕ್ಯಾಮರಾದೊಳಗೆ ಒಂದು ಸಹಿಯ ವ್ಯವಸ್ಥೆಯನ್ನಿಟ್ಟಿತು. ಚಿತ್ರ ಹುಟ್ಟಿದ ಕ್ಷಣದಲ್ಲಿಯೇ ಯಾವ ಯಂತ್ರ, ಯಾವ ಹೊತ್ತು ಎಂಬುದು ಗೂಢಲಿಪಿಯಲ್ಲಿ ಮುದ್ರೆಯಾಗುತ್ತದೆ. ಆಮೇಲಿನ ತಿದ್ದುಪಡಿಗಳೂ ದಾಖಲಾಗುತ್ತ ಹೋಗಬೇಕೆಂಬುದು ಯೋಜನೆ. ಅಂಥ ಮೊದಲ ಕ್ಯಾಮರಾ ಅದು. ಸೋನಿ, ನಿಕಾನ್ ಸಂಸ್ಥೆಗಳೂ ಅದೇ ದಾರಿಯಲ್ಲಿ ನಡೆದಿವೆ. ಆದರೆ 2025ರಲ್ಲಿ ನಿಕಾನಿನ ಒಂದು ಕ್ಯಾಮರಾದಲ್ಲಿ ಎರಡು ಚಿತ್ರಗಳನ್ನು ಬೆರೆಸುವ ಸೌಲಭ್ಯವನ್ನು ಬಳಸಿ, ಆ ಯಂತ್ರ ತೆಗೆಯದ ಚಿತ್ರಕ್ಕೂ ಅದರ ಸಹಿಯನ್ನು ಪಡೆಯಬಹುದೆಂದು ತಿಳಿದುಬಂತು. ಸಂಸ್ಥೆ ಆ ಸೇವೆಯನ್ನು ನಿಲ್ಲಿಸಿ, ಕೊಟ್ಟ ಪ್ರಮಾಣಪತ್ರಗಳನ್ನು ರದ್ದುಮಾಡಿತು. ಮುದ್ರೆಯುಂಗುರ ಕಳ್ಳನ ಕೈಗೆ ಸಿಕ್ಕರೆ ರಾಜಾಜ್ಞೆಯ ಗತಿ ಏನೆಂಬುದು ನಮ್ಮ ನಾಟಕಗಳಿಗೆ ಹೊಸದಲ್ಲ. ಮೇಲಾಗಿ, ನಾಟಕವಾಡಿಸಿ ತೆಗೆದ ಚಿತ್ರಕ್ಕೂ ಈ ಸಹಿ ಪ್ರಾಮಾಣಿಕವಾಗಿಯೇ ಬೀಳುತ್ತದೆ.

ನಮ್ಮ ದೇಶದ ಕಾನೂನೂ ಈ ಗೊಂದಲವನ್ನು ಕಂಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಅದರಲ್ಲಿ 'ಹ್ಯಾಷ್' ಎಂಬ ಅಂಕಿಸರಣಿಯನ್ನೂ ಕಾಣಿಸಬೇಕು. ಒಂದು ಬಿಂದು ಬದಲಾದರೂ ಬೇರೆಯಾಗಿಬಿಡುವ ಬೆರಳಚ್ಚು ಅದು. ಒಳ್ಳೆಯದೇ. ಆದರೆ ಹಳ್ಳಿಯ ಕೆರೆಯ ಒತ್ತುವರಿಯನ್ನೋ, ಜಾತ್ರೆಯ ಹೊಡೆದಾಟವನ್ನೋ ತನ್ನ ಫೋನಿನಲ್ಲಿ ಸೆರೆಹಿಡಿದ ಹುಡುಗನೊಬ್ಬನನ್ನು ನೆನೆಯಿರಿ. ಚಿತ್ರವು ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟುವಷ್ಟರಲ್ಲಿ ಅದರ ಹೊತ್ತು, ಸ್ಥಳ, ಯಂತ್ರದ ಗುರುತುಗಳೆಲ್ಲ ಉದುರಿಹೋಗಿರುತ್ತವೆ. 9,000 ಡಾಲರಿನ ಕ್ಯಾಮರಾ ಕೊಂಡವನಿಗೆ ಸಾಕ್ಷಿಯ ಸಹಿಯುಂಟು; ಸಾಕ್ಷಿಯ ಅಗತ್ಯವಿರುವವನಿಗೆ ಬಹುಮಟ್ಟಿಗೆ ಅದಿಲ್ಲ. ಈ ಇಡೀ ಪರಿವರ್ತನೆಯಲ್ಲಿ ನನ್ನನ್ನು ಕಾಡುವುದು ಇದು. ಕಿಟಕಿ ಉಳಿಯಿತೋ ಹೋಯಿತೋ ಎಂಬುದು ಇದರ ಮುಂದೆ ಚಿಕ್ಕ ಮಾತು.

ಉಳಿಕೆಯ ಪ್ರಶ್ನೆಯೂ ಇದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಭವನದಲ್ಲಿ ಪ್ರದರ್ಶಿತವಾದವು. ಅಂಥ ಹೆಸರಾಂತವರ ನೆಗೆಟಿವುಗಳನ್ನು ಯಾರಾದರೂ ಕಾಪಾಡಿಯಾರು. ನಮ್ಮ ತಾಲ್ಲೂಕು ಪಟ್ಟಣಗಳ ಸ್ಟುಡಿಯೋಗಳ ಪಾಡು ಬೇರೆ. ಅಂಗಡಿ ಮುಚ್ಚುವಾಗ ಎಷ್ಟೋ ಕಡೆ ನೆಗೆಟಿವಿನ ರಾಶಿಯನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿದರು. ಅದಕ್ಕೂ ಹಿಂದೆ ಗಾಜಿನ ಫಲಕಗಳನ್ನು ತೊಳೆದು ಗಾಜಾಗಿ ಮಾರಿದರು. ನಮ್ಮದೇ ಫಿಲ್ಮು ಬೇಕೆಂದು 1960ರಲ್ಲಿ ಉದಕಮಂಡಲದಲ್ಲಿ ಹುಟ್ಟಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ಉಳಿಯಲಿಲ್ಲ. ಆದ್ದರಿಂದ ಫಿಲ್ಮು ಚಿರಂಜೀವಿಯೆಂದು ವಾದಿಸಲಾರೆ. ಅದು ಅಲಕ್ಷ್ಯವನ್ನು ಸಹಿಸುತ್ತದೆ, ಅಷ್ಟೆ. ಅಂಕಿಯ ಚಿತ್ರ ಅಲಕ್ಷ್ಯವನ್ನು ಸಹಿಸುವುದಿಲ್ಲ. ಹತ್ತು ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬರು ಅದನ್ನು ಹೆಗಲ ಮೇಲೆ ಹೊತ್ತು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸಬೇಕು.

ಫಿಲ್ಮು ಮರಳಿ ಬರುತ್ತಿದೆಯೆಂಬ ಮಾತೂ ಕೇಳಿಬರುತ್ತಿದೆ. 2022ರಲ್ಲಿ ಲೈಕಾ ತನ್ನ 1984ರ 'ಎಂ-6' ಫಿಲ್ಮು ಕ್ಯಾಮರಾವನ್ನು ಮತ್ತೆ ತಯಾರಿಸತೊಡಗಿತು, ಕೊಳ್ಳುವವರಲ್ಲಿ ಯುವಕರಿದ್ದಾರೆ. ಸಂತೋಷವೇ. ಆದರೆ ಒಂದು ಸುರುಳಿಯ ಬೆಲೆಯನ್ನೂ ಅದನ್ನು ತೊಳೆಸುವ ಖರ್ಚನ್ನೂ ಕೂಡಿಸಿ ನೋಡಿದ ವಿದ್ಯಾರ್ಥಿಗೆ ಅದನ್ನೇ ಅಭ್ಯಾಸ ಮಾಡೆಂದು ನಾನು ಹೇಳಲಾರೆ.

ನಾನು ಫಿಲ್ಮು ಬಿಟ್ಟದ್ದು 2010ರಲ್ಲಿ. ಅದಕ್ಕೆ ಮುಂಚಿನ ಇಪ್ಪತ್ತು ಚಿಲ್ಲರೆ ವರ್ಷಗಳ ನೆಗೆಟಿವುಗಳು ಬೆಣ್ಣೆಕಾಗದದ ಲಕೋಟೆಗಳಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇವೆ; ಎರಡು ಮನೆ ಬದಲಾಯಿಸಿದೆವು, ಒಮ್ಮೆ ಮಳೆಗಾಲದಲ್ಲಿ ಅಟ್ಟ ಸೋರಿತು, ಆದರೂ ಇವೆ. 2010ರಿಂದ 2014ರವರೆಗಿನ ಚಿತ್ರಗಳು, ನಮ್ಮ ತಾಯಿ ಕೊನೆಯ ಬಾರಿ ಹಿತ್ತಲಿನಲ್ಲಿ ಹೂ ಕೊಯ್ಯುತ್ತಿದ್ದದ್ದೂ ಸೇರಿದಂತೆ, ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಒಂದು ಬೆಳಗ್ಗೆ ಅದು ಟಿಕ್ ಟಿಕ್ ಎಂದು ನಾಲ್ಕು ಸಲ ಬಡಿದುಕೊಂಡು ನಿಂತಿತು. ಎರಡನೆಯ ಪ್ರತಿ ಇಟ್ಟುಕೊಳ್ಳದಿದ್ದದ್ದು ನನ್ನದೇ ತಪ್ಪು. ಡಬ್ಬಿಯ ಅಭ್ಯಾಸ ಅದು. ಅಂದಿನಿಂದ ಪ್ರತಿ ವರ್ಷ ಆಯುಧಪೂಜೆಯ ಮುಂಚಿನ ವಾರ ಆ ವರ್ಷದ 36 ಚಿತ್ರಗಳನ್ನು ಆರಿಸಿ ಕಾಗದದ ಮೇಲೆ ಮುದ್ರಿಸಿ, ಬೆನ್ನ ಮೇಲೆ ದಿನಾಂಕ, ಊರು, ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದು ಅದೇ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಸಾವಿರಾರು ಚಿತ್ರಗಳಲ್ಲಿ ಆರಿಸಬೇಕಾದ್ದರಿಂದ ಕೆಲಸ ವಾರದಲ್ಲಿ ಮುಗಿಯುವುದಿಲ್ಲ. ಈ ಸಲ ದೀಪಾವಳಿ ಕಳೆದರೂ ಹನ್ನೊಂದರಲ್ಲಿಯೇ ನಿಂತಿದ್ದೇನೆ.